ಕಣ್ಣಿದ್ದೂ ಕಾಣದ ಎಡಮಗ್ಗುಲು

ಪಾರ್ಶ್ವವಾಯು ಎಂಬ ಹೆಸರನ್ನು ಕೇಳದ ಗೃಹಸ್ಥರು ನಮ್ಮಲ್ಲಿ ವಿರಳ. ಒಂದು ಕಡೆಯ ಕೈಕಾಲು ಬಿದ್ದುಹೋಗುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಇವು ಎಲ್ಲರೂ ಬಲ್ಲ ಲಕ್ಷಣಗಳು. ಆದರೆ ಇದೇ ವ್ಯಾಧಿಯು ಕೆಲವರಲ್ಲಿ ಕೈಕಾಲಿನ ಬಲದೊಡನೆ ಲೋಕದ ಅರ್ಧಭಾಗವನ್ನೇ ಅಪಹರಿಸುವುದುಂಟೆಂಬುದೂ, ಹಾಗೆ ಕಳೆದುಹೋದುದು ರೋಗಿಗೇ ತಿಳಿಯದೆಂಬುದೂ ಬಹುಮಂದಿಗೆ ಗೊತ್ತಿಲ್ಲ. ಇದರಿಂದ ಎಷ್ಟೋ ಮನೆಗಳಲ್ಲಿ ರೋಗಿಯ ಮೇಲೆ ಸಲ್ಲದ ಅಪವಾದ ಬರುತ್ತದೆ. ಅದಕ್ಕಿಂತ ದೊಡ್ಡ ಹಾನಿಯೆಂದರೆ, ಚಿಕಿತ್ಸೆಯ ಕಾಲ ಮೀರಿಹೋಗುತ್ತದೆ. ಆದಕಾರಣ ಈ ವಿಷಯದಲ್ಲಿ ವಿಜ್ಞಾನಿಗಳು ಕಂಡುಕೊಂಡಿರುವುದನ್ನು ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದಲ್ಲಿ, ಸುತ್ತಲೂ ತೆಂಗಿನ ತೋಟಗಳಿರುವ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಲಿ. ಮನೆಯ ಹಿರಿಯರಿಗೆ ಮಿದುಳಿನ ಬಲ ಹೋಳಿನ ರಕ್ತನಾಳವೊಂದು ಕಟ್ಟಿ, ಕೆಲವು ದಿನ ಹಾಸಿಗೆ ಹಿಡಿದು, ಈಗ ಎದ್ದು ಕುಳಿತಿದ್ದಾರೆ. ಮಾತು ಸ್ಪಷ್ಟವಾಗಿದೆ. ಅಟ್ಟದ ಮೇಲೆ ಹಾಕಿದ ಕಾಯಿ ಎಷ್ಟು, ಅದು ಗಿಟುಕಾಗಲು ಇನ್ನೆಷ್ಟು ತಿಂಗಳು ಬೇಕು ಎಂಬುದನ್ನು ತಪ್ಪಿಲ್ಲದೆ ಹೇಳುತ್ತಾರೆ. ಊಟಕ್ಕೆ ಕುಳಿತಾಗ ಮಾತ್ರ ವಿಚಿತ್ರ. ನಮ್ಮಲ್ಲಿ ಬಾಳೆಯೆಲೆಯ ಕುಡಿಯನ್ನು ಎಡಕ್ಕೆ ಮಾಡಿ, ಉಪ್ಪು ಉಪ್ಪಿನಕಾಯಿಗಳನ್ನು ಆ ತುದಿಯಲ್ಲಿ ಬಡಿಸುವುದು ರೂಢಿಯಷ್ಟೆ. ಹಿರಿಯರು ಬಲಗಡೆಯದನ್ನೆಲ್ಲ ಉಂಡು ಮುಗಿಸಿ, “ಉಪ್ಪನ್ನೇ ಬಡಿಸಲಿಲ್ಲವಲ್ಲಮ್ಮ” ಎನ್ನುತ್ತಾರೆ. “ಎಲೆಯ ಮೇಲೆಯೇ ಇದೆಯಲ್ಲ ಮಾವ” ಎಂದು ಸೊಸೆ ಹೇಳಿದರೂ ಕೈ ಅತ್ತ ಹೋಗದು. ಕ್ಷೌರ ಮಾಡಿಕೊಂಡರೆ ಬಲಗೆನ್ನೆ ನುಣುಪು, ಎಡಗೆನ್ನೆಯಲ್ಲಿ ಗಡ್ಡ ಹಾಗೆಯೇ. ಅಂಗಿಯ ಎಡತೋಳು ಜೋತಾಡುತ್ತಿರುತ್ತದೆ. ಊರಿನ ಹೆಸರು ಬರೆದ ಹಲಗೆಯನ್ನು ತೋರಿಸಿದರೆ ‘ಘಟ್ಟ’ ಎಂದಷ್ಟೇ ಓದುತ್ತಾರೆ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಿಂದ ಬಂದ ಚೀಟಿಯಲ್ಲಿ ೧೨,೫೦೦ ಎಂದಿದ್ದರೆ ಐನೂರು ಎಂದು ಓದಿ ದಲ್ಲಾಳಿಯ ಮೇಲೆ ರೇಗುತ್ತಾರೆ.

ಮನೆಯವರು ಏನೆನ್ನುವರು? ಒಬ್ಬರು ಕಣ್ಣಿಗೆ ಪೊರೆ ಬಂದಿದೆ ಎನ್ನುವರು. ಮತ್ತೊಬ್ಬರು ಹಟವೆನ್ನುವರು. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯಂತೂ ಸಿದ್ಧವಾಗಿಯೇ ಇದೆ. ಈ ಮೂರರಲ್ಲಿ ಯಾವುದೂ ನಿಜವಲ್ಲ.

ಕಣ್ಣಿನ ದೋಷವಲ್ಲವೆಂಬುದನ್ನು ವೈದ್ಯರು ಸುಲಭವಾಗಿ ತೋರಿಸುತ್ತಾರೆ. ಈ ರೋಗಿಗಳಲ್ಲಿ ಅನೇಕರು, ಎದುರಿಗೆ ಕುಳಿತವರು ಎಡಗೈಯ ಬೆರಳೊಂದನ್ನೇ ಆಡಿಸಿದರೂ ಬಲಗೈಯದೊಂದನ್ನೇ ಆಡಿಸಿದರೂ ‘ಕಂಡಿತು’ ಎನ್ನುವರು. ಎರಡೂ ಕಡೆ ಏಕಕಾಲದಲ್ಲಿ ಆಡಿಸಿದಾಗ ಮಾತ್ರ ತಮ್ಮ ಬಲಗಡೆಯದಷ್ಟೇ ಕಂಡಿತೆನ್ನುವರು, ಎಡಗಡೆಯದು ಆರಿಹೋದಂತಾಗುತ್ತದೆ. ಒಂಟಿಯಾಗಿದ್ದಾಗ ಕಂಡದ್ದು ಜೊತೆಯಿದ್ದಾಗ ಕಾಣದೆಂದರೆ ಕೊರತೆಯಿರುವುದು ದೃಷ್ಟಿಯಲ್ಲಲ್ಲ, ಅವಧಾನದಲ್ಲಿ. ಅಷ್ಟಾವಧಾನವನ್ನು ನೋಡಿದವರಿಗೆ ಈ ಪದದ ಅರ್ಥವನ್ನು ವಿವರಿಸಬೇಕಾಗಿಲ್ಲ. ಸುತ್ತ ಕುಳಿತ ಪೃಚ್ಛಕರು ಎತ್ತ ಎಳೆದರೂ ಮನಸ್ಸನ್ನು ಬೇಕಾದ ಕಡೆಗೆ ತಿರುಗಿಸಿ, ಬೇಡವಾದಾಗ ಬಿಡಿಸಿಕೊಳ್ಳುವ ಶಕ್ತಿ ಅದು. ಸಾಮಾನ್ಯರಾದ ನಮ್ಮಲ್ಲಿಯೂ ಅದು ಹಗಲೆಲ್ಲ ಕೆಲಸ ಮಾಡುತ್ತಿರುತ್ತದೆ. ಅದರ ಒಂದು ಪಕ್ಕ ಕುಂದಿದಾಗ ಉಂಟಾಗುವ ಸ್ಥಿತಿಯನ್ನು ಇಂಗ್ಲಿಷಿನಲ್ಲಿ ನೆಗ್ಲೆಕ್ಟ್ ಎಂದು ಕರೆದಿದ್ದಾರೆ. ಪಾರ್ಶ್ವೋಪೇಕ್ಷೆ ಎಂದು ನಾವು ಹೇಳಬಹುದು. ಆದರೆ ಈ ಹೆಸರು ಅಷ್ಟು ನ್ಯಾಯವಾದುದಲ್ಲ. ಉಪೇಕ್ಷೆ ಎಂದರೆ ಬುದ್ಧಿಪೂರ್ವಕವಾಗಿ ಮಾಡುವುದು, ಇಲ್ಲಿ ರೋಗಿಯ ಇಚ್ಛೆಯ ಪ್ರಶ್ನೆಯೇ ಇಲ್ಲ.

ಇದಕ್ಕೆ ೧೯೭೮ರಲ್ಲಿ ಇಟಲಿಯ ಬಿಸಿಯಾಕ್ ಮತ್ತು ಲುಜ್ಜಾತಿ ಎಂಬಿಬ್ಬರು ಪ್ರಕಟಿಸಿದ ಪರೀಕ್ಷೆಗಿಂತ ಸೋಜಿಗದ ಸಾಕ್ಷ್ಯ ಬೇರಿಲ್ಲ. ಮಿಲಾನ್ ನಗರದಲ್ಲಿ ಒಂದು ದೊಡ್ಡ ಇಗರ್ಜಿಯೂ ಅದರ ಮುಂದೆ ವಿಶಾಲವಾದ ಚೌಕವೂ ಉಂಟು. ಆ ಚೌಕವನ್ನು ಚೆನ್ನಾಗಿ ಬಲ್ಲ ಇಬ್ಬರು ರೋಗಿಗಳನ್ನು, ಇಗರ್ಜಿಗೆ ಎದುರಾಗಿ ನಿಂತಿರುವಂತೆ ಭಾವಿಸಿಕೊಂಡು ಕಂಡುದನ್ನು ಹೇಳಿರೆಂದರು. ಅವರು ಬಲಗಡೆಯ ಕಟ್ಟಡಗಳನ್ನು ಹೇಳಿ ಎಡಗಡೆಯವನ್ನು ಬಿಟ್ಟರು. ಅನಂತರ, ಇಗರ್ಜಿಗೆ ಬೆನ್ನು ಮಾಡಿ ನಿಂತಿರುವಂತೆ ಭಾವಿಸಿಕೊಳ್ಳಿರೆಂದರು. ಮೊದಲು ಬಿಟ್ಟುಹೋದ ಕಟ್ಟಡಗಳೆಲ್ಲ ಈಗ ಬಂದುವು. ಮೊದಲು ಹೇಳಿದುವು ಈಗ ಎಡಗಡೆಗೆ ಬಿದ್ದುದರಿಂದ ಮಾಯವಾದುವು. ಎದುರಿಗೆ ಚೌಕವೂ ಇಲ್ಲ, ಕಟ್ಟಡವೂ ಇಲ್ಲ, ಎಲ್ಲವೂ ನೆನಪು. ಆ ನೆನಪಾದರೂ ಪೂರ್ತಿಯಾಗಿಯೇ ಇದೆ. ಅದರ ಎಡಭಾಗದ ಮೇಲೆ ಮನಸ್ಸಿನ ಬೆಳಕು ಬೀಳುವುದಿಲ್ಲ, ಅಷ್ಟೆ. ದಬ್ಬೇಘಟ್ಟದ ನಮ್ಮ ಹಿರಿಯರನ್ನು, ತಲೆಬಾಗಿಲಲ್ಲಿ ನಿಂತು ಒಳಗೆ ನೋಡುವಂತೆ ಭಾವಿಸಿ ಮನೆಯನ್ನು ವರ್ಣಿಸಿರೆಂದು ಕೇಳಿದರೆ, ತಾವೇ ಕಟ್ಟಿಸಿದ ಮನೆಯಲ್ಲಿ ಎಡಗಡೆಯ ಕೋಣೆಗಳನ್ನು ಬಿಟ್ಟು ಹೇಳಿಯಾರು.

ಹಾಗೆಂದು ಎಡಗಡೆಯಿಂದ ಏನೂ ಒಳಗೆ ಹೋಗುವುದಿಲ್ಲವೆನ್ನುವಂತಿಲ್ಲ. ೧೯೮೮ರಲ್ಲಿ ಮಾರ್ಷಲ್ ಮತ್ತು ಹ್ಯಾಲಿಗನ್ ಎಂಬ ಇಂಗ್ಲೆಂಡಿನ ಸಂಶೋಧಕರು ಒಬ್ಬ ರೋಗಿಗೆ ಎರಡು ಮನೆಗಳ ಚಿತ್ರ ತೋರಿಸಿದರು. ಎರಡೂ ಒಂದೇ ಬಗೆಯವು. ಒಂದರ ಎಡಭಾಗಕ್ಕೆ ಮಾತ್ರ ಬೆಂಕಿ ಹತ್ತಿದಂತೆ ಬರೆದಿತ್ತು. ಭೇದವೇನೆಂದು ಕೇಳಿದರೆ ಆಕೆ ಎರಡೂ ಒಂದೇ ಎಂದಳು. ವಾಸಕ್ಕೆ ಯಾವುದನ್ನು ಆರಿಸುವೆ ಎಂದರೆ, ಇದೆಂಥ ಹುಚ್ಚು ಪ್ರಶ್ನೆ ಎಂದುಕೊಳ್ಳುತ್ತಲೇ ಬಹುಪಾಲು ಸಲ ಬೆಂಕಿಯಿಲ್ಲದ ಮನೆಯನ್ನೇ ತೋರಿಸಿದಳು. ಕಂಡದ್ದು ಅರಿವಿನ ಹೊಸ್ತಿಲವರೆಗೆ ಬಂದು ಅಲ್ಲಿಯೇ ನಿಂತಿದೆ.

ಆರೋಗ್ಯವಂತರ ಅವಧಾನವು ಹೇಗೆ ನಡೆಯುತ್ತದೆಂಬುದನ್ನು ತೋಟದಲ್ಲಿಯೇ ನೋಡಬಹುದು. ದೋಟಿ ಹಿಡಿದು ಕಾಯಿ ಕೀಳುವವನು ಬಲಿತ ಗೊನೆಯನ್ನು ಹುಡುಕುವಾಗ ಅವನ ಲಕ್ಷ್ಯ ತಾನು ಕಳುಹಿಸಿದಲ್ಲಿಗೆ ಹೋಗುತ್ತದೆ. ಅಷ್ಟರಲ್ಲಿ ಎಡಗಡೆ ಒಂದು ಕಾಯಿ ದೊಪ್ಪನೆ ಬಿದ್ದರೆ, ಕಳುಹಿಸದೆಯೇ ಲಕ್ಷ್ಯ ಅತ್ತ ಹಾರುತ್ತದೆ. ತಲೆ ಆಮೇಲೆ ತಿರುಗುತ್ತದೆ. ಕಣ್ಣು ಕದಲದೆಯೇ ಲಕ್ಷ್ಯ ಕದಲಬಲ್ಲದೆಂಬುದನ್ನು ಅಮೆರಿಕದ ಮೈಕೆಲ್ ಪೋಸ್ನರ್ ೧೯೮೦ರಲ್ಲಿ ಅಳೆದು ತೋರಿಸಿದರು. ದೃಷ್ಟಿಯನ್ನು ನಡುವೆ ನೆಟ್ಟಿರುವವರಿಗೆ, ಚುಕ್ಕೆ ಬರುವ ಕಡೆಯನ್ನು ಮುಂಚೆಯೇ ಸೂಚಿಸಿದರೆ ಅವರು ಬೇಗ ಗುರುತಿಸುತ್ತಾರೆ. ತಪ್ಪು ಕಡೆ ಸೂಚಿಸಿದರೆ ತಡವಾಗುತ್ತದೆ. ಅವರೂ ಸಂಗಡಿಗರೂ ೧೯೮೪ರಲ್ಲಿ ಇದೇ ಪರೀಕ್ಷೆಯನ್ನು, ಮಿದುಳಿನಲ್ಲಿ ಕಿವಿಗೆ ಮೇಲೆ ನೆತ್ತಿಗೆ ಹಿಂದೆ ಇರುವ ಭಾಗ ಕೆಟ್ಟವರ ಮೇಲೆ ಮಾಡಿದರು. ಲಕ್ಷ್ಯವನ್ನು ಕೆಟ್ಟ ಕಡೆಗೆ ಮೊದಲೇ ಕರೆದೊಯ್ದರೆ ರೋಗಿಯು ಅಷ್ಟೇನೂ ಹಿಂದುಳಿಯಲಿಲ್ಲ. ಒಳ್ಳೆಯ ಕಡೆ ನೆಟ್ಟ ಲಕ್ಷ್ಯವನ್ನು ಕಿತ್ತು ಕೆಟ್ಟ ಕಡೆಗೆ ತರುವುದೇ ಅವನಿಗೆ ದುಸ್ತರವಾಯಿತು. ಮನೆಯಲ್ಲಿ ಶುಶ್ರೂಷೆ ಮಾಡುವವರು ಈ ಅಂಶವನ್ನು ವಿಶೇಷವಾಗಿ ನೆನಪಿನಲ್ಲಿಡತಕ್ಕದ್ದು.

ಎಡಗಡೆಗೇ ಏಕೆ ಈ ಕುತ್ತು? ಮಿದುಳು ಒಡೆದ ತೆಂಗಿನಕಾಯಿಯಂತೆ ಎರಡು ಹೋಳು. ಬಲ ಹೋಳು ದೇಹದ ಎಡಗಡೆಯನ್ನೂ ಎಡ ಹೋಳು ಬಲಗಡೆಯನ್ನೂ ಆಳುವುದು ತಿಳಿದ ವಿಷಯ. ಆದರೆ ಅವಧಾನದಲ್ಲಿ ಈ ಹಂಚಿಕೆ ಸಮನಲ್ಲವೆಂದು ಹೈಲ್ಮನ್, ಮೆಸುಲಾಂ ಮೊದಲಾದವರು ೧೯೮೦ರ ಸುಮಾರಿನಲ್ಲಿ ಪ್ರತಿಪಾದಿಸಿದರು. ತೋಟಕ್ಕೆ ಇಬ್ಬರು ಕಾವಲುಗಾರರೆಂದಿಟ್ಟುಕೊಳ್ಳೋಣ. ಒಬ್ಬನು ಎರಡು ಬೇಲಿಗಳನ್ನೂ ನೋಡುತ್ತಾನೆ. ಇನ್ನೊಬ್ಬನು ಬಲಬೇಲಿಯನ್ನು ಮಾತ್ರ. ಎರಡನೆಯವನು ಮಲಗಿದರೆ ಕೆಲಸ ಹೇಗೋ ನಡೆಯುತ್ತದೆ. ಮೊದಲನೆಯವನು ಮಲಗಿದರೆ ಎಡಬೇಲಿಗೆ ದಿಕ್ಕಿಲ್ಲ. ಇಲ್ಲಿ ಬಲ ಹೋಳೇ ಮೊದಲನೆಯ ಕಾವಲುಗಾರ. ಆದಕಾರಣ ಬಲ ಮಿದುಳಿಗೆ ಪೆಟ್ಟಾದವರಲ್ಲಿ ಈ ಸ್ಥಿತಿ ಹೆಚ್ಚಾಗಿಯೂ ದೀರ್ಘವಾಗಿಯೂ ಕಂಡುಬರುತ್ತದೆ. ಆರೋಗ್ಯವಂತರಲ್ಲಿಯೂ ಈ ಅಸಮತೆಯ ಸುಳಿವುಂಟು: ಉದ್ದನೆಯ ಗೆರೆಯನ್ನು ಕೊಟ್ಟು ನಟ್ಟನಡುವೆ ಗುರುತು ಹಾಕಿರೆಂದರೆ ಬಹುಮಂದಿ ಕೂದಲೆಳೆಯಷ್ಟು ಎಡಕ್ಕೆ ಹಾಕುತ್ತಾರೆ. ಈ ರೋಗಿಗಳು ಬಲಕ್ಕೆ ಬಹುದೂರ ಸರಿದು ಹಾಕುತ್ತಾರೆ.

ಎರಡು ಹೋಳುಗಳ ನಡುವೆ ಒಂದು ತಕ್ಕಡಿಯಿದೆಯೆಂಬುದಕ್ಕೆ ೧೯೬೬ರಲ್ಲಿ ಸ್ಪ್ರೇಗ್ ಎಂಬಾತನು ಬೆಕ್ಕುಗಳಲ್ಲಿ ಕಂಡ ಸಂಗತಿ ಅಚ್ಚರಿಯದು. ಮಿದುಳಿನ ಒಂದು ಕಡೆಯ ಹಿಂಭಾಗದ ಹೊರಪದರವನ್ನು ತೆಗೆದರೆ ಬೆಕ್ಕು ಎದುರು ಪಕ್ಕದಲ್ಲಿ ಕುರುಡಾದಂತೆ ವರ್ತಿಸುತ್ತದೆ. ಮಿದುಳಿನ ಕಾಂಡದ ಮೇಲ್ತುದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು ಸಣ್ಣ ದಿಬ್ಬಗಳಿವೆ. ಸುಪೀರಿಯರ್ ಕಾಲಿಕ್ಯುಲಸ್ ಎಂದು ಹೆಸರು. ಕೆಟ್ಟ ಪದರಕ್ಕೆ ಎದುರು ಕಡೆಯ ದಿಬ್ಬವನ್ನೂ ತೆಗೆದಾಗ ಬೆಕ್ಕು ಆ ಪಕ್ಕಕ್ಕೆ ಮತ್ತೆ ತಿರುಗತೊಡಗಿತು! ನಷ್ಟದ ಮೇಲೆ ನಷ್ಟವಾದರೆ ಲಾಭವೇ? ತಕ್ಕಡಿಯ ಮೇಲೆದ್ದ ತಟ್ಟೆ ಸಮಕ್ಕೆ ಬಂತೆಂದು ಭಾವಿಸಿದರೆ ಒಗಟು ಬಿಡುತ್ತದೆ.

ಇದೇ ದಿಬ್ಬದ ಮೇಲೆ ನಮ್ಮ ಬೆಂಗಳೂರಿನಲ್ಲಿಯೇ ಸಂಶೋಧನೆ ನಡೆದಿದೆಯೆಂದು ತಿಳಿಸಲು ಸಂತೋಷವಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದ ಶ್ರೀಧರನ್ ದೇವರಾಜನ್ ಅವರೂ ಸಂಗಡಿಗರೂ ಅವಧಾನವು ಮಾಡುವ ಕೆಲಸ ಒಂದಲ್ಲ, ಎರಡು ಎಂದು ಬೇರ್ಪಡಿಸಿ ನೋಡಿದ್ದಾರೆ. ಲಕ್ಷ್ಯವಿಟ್ಟ ಕಡೆ ವಸ್ತು ಹೆಚ್ಚು ಸ್ಪಷ್ಟವಾಗಿ ಕಾಣುವುದು ಒಂದು. ಆ ಕಡೆಯಿಂದ ಬಂದ ಸುದ್ದಿಗೆ ನಿರ್ಧಾರ ಮಾಡುವಾಗ ಹೆಚ್ಚು ತೂಕ ಕೊಡುವುದು ಇನ್ನೊಂದು. ಮೊದಲನೆಯದು ಸೂಕ್ಷ್ಮತೆ, ಎರಡನೆಯದು ಒಲವು. ವರ್ಷಾ ಶ್ರೀನಿವಾಸನ್ ಅವರೊಡನೆ ಅವರು ೧೯೧೯ಕ್ಕೆ ಸರಿಯಾಗಿ ನೂರು ವರ್ಷಗಳ ಮೇಲೆ, ಎಂದರೆ ೨೦೧೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಆರೋಗ್ಯವಂತರ ಮಿದುಳಿನ ನರತಂತುಗಳನ್ನು ಕಾಂತೀಯ ಯಂತ್ರದಿಂದ ಚಿತ್ರಿಸಿ, ಈ ದಿಬ್ಬಕ್ಕೂ ಹೊರಪದರಕ್ಕೂ ಇರುವ ಜೋಡಣೆಯ ಬಲವು ಒಲವಿನೊಡನೆ ಹೊಂದುತ್ತದೆ, ಸೂಕ್ಷ್ಮತೆಯೊಡನೆ ಹೊಂದುವುದಿಲ್ಲ ಎಂದು ತೋರಿಸಿದರು. ಇದು ರೋಗಿಗಳ ಮೇಲೆ ಮಾಡಿದ ಪರೀಕ್ಷೆಯಲ್ಲ; ನಾಳೆಯೇ ಮದ್ದು ದೊರೆಯುವುದೆಂದು ಯಾರೂ ಎಣಿಸಬಾರದು. ಆದರೂ, ಕಾಣದಿರುವುದು ಬೇರೆ, ಕಂಡದ್ದಕ್ಕೆ ಬೆಲೆ ಸಲ್ಲದಿರುವುದು ಬೇರೆ ಎಂಬ ವಿವೇಚನೆಯು ಬೆಂಕಿ ಹತ್ತಿದ ಮನೆಯ ಚಿತ್ರವನ್ನು ನೋಡಿದವರಿಗೆ ಸಣ್ಣದಾಗಿ ತೋರದು.

ಇನ್ನು ಮನೆಯವರು ಮುಖ್ಯವಾಗಿ ತಿಳಿಯಬೇಕಾದ ಮಾತು. ಬಲ ಮಿದುಳಿನ ಆಘಾತದಲ್ಲಿ ರೋಗಿಯು ತನ್ನ ರೋಗವನ್ನೇ ಅರಿಯದಿರುವುದುಂಟು. ಬಿದ್ದುಹೋದ ಎಡಗೈಯನ್ನು ತೋರಿಸಿ ಕೇಳಿದರೂ ‘ನನಗೇನೂ ಆಗಿಲ್ಲ’ ಎನ್ನುವವರಿದ್ದಾರೆ. ೧೯೧೪ರಲ್ಲಿ ಫ್ರಾನ್ಸಿನ ಬಾಬಿನ್‌ಸ್ಕಿ ಈ ಅರಿವುಗೇಡಿಗೆ ಹೆಸರಿಟ್ಟರು. ಎಡ ಮಿದುಳು ಕೆಟ್ಟರೆ ಸಾಮಾನ್ಯವಾಗಿ ಮಾತು ಕೆಡುತ್ತದೆ, ಮನೆಯೆಲ್ಲ ಗಾಬರಿಯಾಗಿ ಓಡುತ್ತದೆ. ಬಲ ಮಿದುಳು ಕೆಟ್ಟವನು ಮಾತನಾಡುತ್ತಲೇ ಇರುತ್ತಾನೆ. ‘ಸ್ವಲ್ಪ ಮಲಗಿದರೆ ಸರಿಹೋಗುತ್ತದೆ’ ಎಂದು ತಾನೇ ಸಮಾಧಾನ ಹೇಳುತ್ತಾನೆ. ಜರ್ಮನಿಯ ಆಸ್ಪತ್ರೆಗಳಲ್ಲಿ ದಾಖಲಾದ ಇಪ್ಪತ್ತು ಸಾವಿರ ರೋಗಿಗಳ ಲೆಕ್ಕವನ್ನು ೨೦೦೫ರಲ್ಲಿ ಪ್ರಕಟಿಸಿದಾಗ ನೂರಕ್ಕೆ ೫೬ ಮಂದಿ ಎಡ ಮಿದುಳಿನ ಆಘಾತದವರು, ೪೪ ಮಂದಿ ಬಲದವರು ಎಂದು ಕಂಡುಬಂತು. ಬಲದ ಆಘಾತಗಳು ಅಷ್ಟಾಗಿ ಗುರುತಿಗೆ ಬರುವುದಿಲ್ಲವೆಂದೇ ಅದನ್ನು ಬರೆದ ವೈದ್ಯರ ಊಹೆ.

ಕಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೆ ಮುಂಚೆ, ಒಳಗೆ ರಕ್ತಸ್ರಾವವಾಗಿಲ್ಲವೆಂಬುದನ್ನು ಸಿ.ಟಿ. ಯಂತ್ರದಿಂದ ನೋಡಬೇಕು. ದೊಡ್ಡ ನಾಳ ಕಟ್ಟಿದ ಕೆಲವರಲ್ಲಿ ಮಾತ್ರ, ೨೪ ಗಂಟೆಯವರೆಗೂ ಹೆಪ್ಪನ್ನು ತೆಗೆಯಲು ಅವಕಾಶವುಂಟು. ದಬ್ಬೇಘಟ್ಟದಂಥ ಊರಿನಿಂದ ಹೊರಟು ತುರುವೇಕೆರೆಯನ್ನು ದಾಟಿ ತುಮಕೂರಿನ ಹಾದಿ ಹಿಡಿಯುವವರಿಗೆ ಈ ಗಂಟೆಗಳು ಬಹಳವಲ್ಲ. ಎಣ್ಣೆ ತಿಕ್ಕಿ ನೋಡೋಣ, ಬೆಳಗಾಗಲಿ ಎಂಬ ವಿಳಂಬ ಕೂಡದು. ರೋಗಿಯ ಮಾತಿಗೆ ಕಿವಿಗೊಡದೆ, ಎರಡು ಕೈಗಳನ್ನೂ ಎತ್ತಿಸಿ ನೋಡಿ. ಎಡಗೈ ಇಳಿದರೆ, ಬಾಯಿ ಒಂದು ಕಡೆಗೆ ಜೋತರೆ, ಎಡಗಡೆಯಿಂದ ಕರೆದಾಗ ಬಲಕ್ಕೆ ತಿರುಗಿ ಹುಡುಕಿದರೆ, ೧೦೮ಕ್ಕೆ ಕರೆಮಾಡಿ ಸಿ.ಟಿ. ಯಂತ್ರವಿರುವ ಆಸ್ಪತ್ರೆಗೇ ಸಾಗಿಸುವುದು. ಲಕ್ಷಣ ಮೊದಲು ಕಂಡ ಗಳಿಗೆಯನ್ನು ಬರೆದಿಟ್ಟುಕೊಳ್ಳಬೇಕು. ವೈದ್ಯರು ಮೊದಲು ಕೇಳುವುದು ಅದನ್ನೇ.

ಅನಂತರದ ದಿನಗಳಲ್ಲಿ ಚೇತರಿಕೆ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ ಕಾಣುತ್ತದೆ. ಚಿಕಿತ್ಸೆಗಳು ಹಲವುಂಟು. ಎಡಗಿವಿಗೆ ತಣ್ಣೀರು ಬಿಟ್ಟರೆ ಕೆಲವು ನಿಮಿಷ ಎಡಗಡೆ ಮರಳಿ ಬರುವುದೆಂದು ರೂಬೆನ್ಸ್ ೧೯೮೫ರಲ್ಲಿ ವರದಿ ಮಾಡಿದರು; ಇದನ್ನು ಮನೆಯಲ್ಲಿ ಯಾರೂ ಪ್ರಯತ್ನಿಸಬಾರದು. ದೃಶ್ಯವನ್ನು ಹತ್ತು ಡಿಗ್ರಿಯಷ್ಟು ಬಲಕ್ಕೆ ಸರಿಸುವ ಪಟ್ಟಕದ ಕನ್ನಡಕವನ್ನು ಹಾಕಿಸಿ, ಸ್ವಲ್ಪ ಹೊತ್ತು ಗುರಿಯನ್ನು ಬೆರಳಿನಿಂದ ಮುಟ್ಟಿಸಿದರೆ, ಕನ್ನಡಕ ತೆಗೆದ ಮೇಲೆ ಲಕ್ಷ್ಯ ಎಡಕ್ಕೆ ವಾಲುತ್ತದೆಂದು ರೊಸೆಟ್ಟಿ ಮತ್ತು ಸಂಗಡಿಗರು ೧೯೯೮ರಲ್ಲಿ ತೋರಿಸಿದರು. ಮುಂದಿನ ಪರೀಕ್ಷೆಗಳ ಫಲ ಒಂದೇ ಸಮನಾಗಿಲ್ಲ. ಮನೆಯಲ್ಲಿ ಮಾಡಬಹುದಾದ ಅಭ್ಯಾಸ ಸರಳವಾದುದು. ನೀರಿನ ಚೊಂಬು, ಕರೆಯುವ ಗಂಟೆ ಮೊದಲಾದ ಅವಶ್ಯಕ ವಸ್ತುಗಳು ಬಲಗಡೆಯಿರಲಿ. ಮಾತನಾಡಿಸುವವರು ಮಾತ್ರ ಎಡಕ್ಕೆ ಸರಿದು ಕುಳಿತು, ಮೊದಲು ಹೆಸರು ಹಿಡಿದು ಕರೆದು ಲಕ್ಷ್ಯ ಬಂದ ಮೇಲೆ ಮಾತು ತೆಗೆಯಲಿ. ಓದುವಾಗ ಪುಟದ ಎಡ ಅಂಚಿಗೆ ಕೆಂಪು ಗೆರೆ ಎಳೆದು, ಗೆರೆ ಕಂಡಲ್ಲದೆ ಸಾಲು ಹಿಡಿಯದಂತೆ ಅಭ್ಯಾಸ ಮಾಡಿಸಬೇಕು. ಎಡಗಡೆಯಲ್ಲಿ ಒಲೆ, ಮೆಟ್ಟಿಲು, ವಾಹನ ಇರುವ ಕಡೆ ಒಬ್ಬರನ್ನೇ ಬಿಡಕೂಡದು. ೧೯೪೧ರಲ್ಲಿ ರಸೆಲ್ ಬ್ರೇನ್ ಎಂಬ ಇಂಗ್ಲಿಷ್ ವೈದ್ಯರು ವರ್ಣಿಸಿದ ರೋಗಿಗಳು, ಎಡಕ್ಕೆ ಹೊರಳಬೇಕಾದಲ್ಲೆಲ್ಲ ಬಲಕ್ಕೇ ಹೊರಳಿ ತಮ್ಮ ಮನೆಯಲ್ಲಿಯೇ ದಾರಿತಪ್ಪುತ್ತಿದ್ದರು.

ವಾರಕ್ಕೊಮ್ಮೆ ಒಂದು ಹಾಳೆಯ ತುಂಬ ಸಣ್ಣ ಗೆರೆಗಳನ್ನು ಚೆಲ್ಲಾಪಿಲ್ಲಿಯಾಗಿ ಎಳೆದು, ಎಲ್ಲವನ್ನೂ ಹೊಡೆದುಹಾಕಿರೆಂದು ರೋಗಿಯ ಕೈಗೆ ಸೀಸದ ಕಡ್ಡಿಯನ್ನು ಕೊಡಬಹುದು. ಹೊಡೆಯದೆ ಉಳಿದ ಗೆರೆಗಳು ಎಡಗಡೆ ಎಷ್ಟಿವೆಯೆಂದು ಎಣಿಸಿ, ತಾರೀಖು ಬರೆದು, ಹಾಳೆಗಳನ್ನು ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸತಕ್ಕದ್ದು.