ಮಾತು ಕೇಳುವ ಮಕ್ಕಳು, ಮಾತಾಡಬಲ್ಲ ಮಕ್ಕಳು

ಮಕ್ಕಳು ಹೇಳಿದ ಮಾತು ಕೇಳಬೇಕೆಂಬುದು ಎಲ್ಲ ತಂದೆತಾಯಿಗಳ ಆಸೆ. ಅದೇ ಮಕ್ಕಳು ನಾಳೆ ತಮ್ಮ ಕಾಲ ಮೇಲೆ ನಿಲ್ಲಬೇಕೆಂಬುದೂ ಅವರದೇ ಆಸೆ. ಈ ಎರಡೂ ಕೈಗೂಡಬೇಕಾದರೆ ಹಿರಿಯರಲ್ಲಿ ವಿವೇಕ ಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಬಗ್ಗಿಸುವ ಭರದಲ್ಲಿ ಗಿಡವೇ ಮುರಿದರೆ ಮರವೆಲ್ಲಿಂದ ಬಂದೀತು ಎಂಬುದನ್ನು ಮಾತ್ರ ಮರೆಯುತ್ತೇವೆ.

ಮೋರಟಗಿ, ಸಿಂದಗಿ ಸೀಮೆಯ ನಾವು ಇದಕ್ಕೆ ನಿದರ್ಶನ ಹುಡುಕಿ ದೂರ ಹೋಗಬೇಕಿಲ್ಲ. ನಮ್ಮ ಬಾಗೇವಾಡಿಯ ಬಸವಣ್ಣನವರ ಬಾಲ್ಯವನ್ನೇ ನೋಡೋಣ. ಭೀಮಕವಿ 1369ರಲ್ಲಿ ರಚಿಸಿದ ಬಸವಪುರಾಣದಲ್ಲಿ ಎಂಟು ವರ್ಷದ ಬಾಲಕ ತನಗೆ ಉಪನಯನ ಬೇಡವೆಂದು ತಂದೆ ಮಾದರಸನೊಡನೆ ವಾದಿಸುತ್ತಾನೆ. ಹರಿಹರನ ರಗಳೆಯಲ್ಲಾದರೋ ತಂದೆತಾಯಿಗಳು ಮೊದಲೇ ತೀರಿಕೊಂಡು, ಮುತ್ತವ್ವೆ ಸಾಕಿದ ಹುಡುಗ ಬೆಳೆದ ಮೇಲೆ ಜನಿವಾರ ತೊರೆದು ಹೊರಡುತ್ತಾನೆ. ಕಥೆ ಎರಡಾದರೂ ತಿರುಳು ಒಂದೇ. ಮನಸ್ಸು ಒಪ್ಪದ್ದನ್ನು ಒಪ್ಪಿದಂತೆ ನಟಿಸಲು ಆ ಬಾಲಕನಿಗೆ ಆಗಲಿಲ್ಲ.

ಇಷ್ಟನ್ನೇ ಹಿಡಿದು, ಹಿರಿಯರನ್ನು ಧಿಕ್ಕರಿಸುವುದೇ ಸ್ವಾತಂತ್ರ್ಯವೆಂದು ತಿಳಿಯಬಾರದು. ಮನೆ ಬಿಟ್ಟ ಬಸವಣ್ಣನವರು ಮನಬಂದಂತೆ ಅಲೆಯಲಿಲ್ಲ. ಕೃಷ್ಣೆ ಮಲಪ್ರಭೆಯರು ಕೂಡುವ ಸಂಗಮಕ್ಕೆ ಹೋಗಿ ಗುರುಸನ್ನಿಧಿಯಲ್ಲಿ ಶಿಸ್ತಿನಿಂದ ಬಾಳಿದರು. ಮುಂದೆ ಕಲ್ಯಾಣದಲ್ಲಿ ದೊಡ್ಡ ಪದವಿಯಲ್ಲಿದ್ದಾಗಲೂ, ಅಕ್ಕ ನಾಗಮ್ಮನ ಮಗ, ತಮಗಿಂತ ಕಿರಿಯ ಚನ್ನಬಸವಣ್ಣನ ಅರಿವಿಗೆ ತಲೆಬಾಗಿದರು. ಬೇಡವೆನ್ನುವ ಧೈರ್ಯ ಇದ್ದವರಲ್ಲಿಯೇ ವಿಧೇಯತೆಯೂ ಇತ್ತು.

ನಮ್ಮ ಇಷ್ಟಲಿಂಗದ ಆಚರಣೆಯಲ್ಲಿಯೂ ಇದೇ ಪಾಠವಿದೆ. ಲಿಂಗವನ್ನು ಗುರು ಕೊಡುತ್ತಾನೆ. ಪೂಜೆಯನ್ನು ಮಾತ್ರ ಅವರವರ ಅಂಗೈಯಲ್ಲಿ ಅವರವರೇ ಮಾಡಿಕೊಳ್ಳಬೇಕು. ಸಂಸ್ಕಾರ ಕೊಡುವುದು ತಂದೆತಾಯಿಗಳ ಕೆಲಸ; ಅದನ್ನು ತನ್ನದಾಗಿಸಿಕೊಳ್ಳುವುದು ಮಗುವಿನ ಕೆಲಸ.

ಈ ಹದ ತಪ್ಪಿದರೆ ಎರಡೂ ಕಡೆ ಅನಾಹುತ. ತಲೆ ಎತ್ತಿ ಮಾತಾಡಬೇಡ ಎಂದಷ್ಟೇ ಕಲಿತ ಹೆಣ್ಣುಮಗಳು, ಶಾಲೆ ಬಿಡಿಸಿ ಮದುವೆ ಗೊತ್ತುಮಾಡಿದಾಗಲೂ ಬೇಡವೆನ್ನಲಾರಳು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ 18 ವರ್ಷ ತುಂಬದ ಹುಡುಗಿಯ ಮದುವೆಯನ್ನು ಅಪರಾಧವೆನ್ನುತ್ತದೆ. ಆದರೆ ಆ ಕಾಯ್ದೆ ಆಕೆಯ ನೆರವಿಗೆ ಬರಬೇಕಾದರೆ ಮೊದಲು ಆಕೆಗೆ ಬಾಯಿ ಬರಬೇಕು. ಇನ್ನೊಂದು ಕಡೆ, ಮಗ ಹಟ ಹಿಡಿದನೆಂದು ಹದಿನೈದಕ್ಕೇ ಮೋಟಾರ್ ಸೈಕಲ್ ಕೊಡಿಸುವವರಿದ್ದಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತನ ಇಂಥ ತಪ್ಪಿಗೆ ಪಾಲಕರಿಗೇ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ದಂಡವನ್ನಾದರೂ ಕಟ್ಟಬಹುದು, ರಸ್ತೆಯಲ್ಲಿ ಕಳೆದುಹೋದ ಮಗ ತಿರುಗಿ ಬಾರನು.

ಹಾಗಾದರೆ ಮಾಡಬೇಕಾದುದೇನು? ಒಕ್ಕಲಿಗನು ಮಗನಿಗೆ ಕೂರಿಗೆ ಹಿಡಿಯಲು ಕಲಿಸುವ ರೀತಿಯನ್ನು ನೋಡಿರಿ. ಮೊದಲು ಮಗನ ಕೈಯ ಮೇಲೆ ತನ್ನ ಕೈ ಇಡುತ್ತಾನೆ. ಆಮೇಲೆ ಕೈ ತೆಗೆದು ಪಕ್ಕದಲ್ಲಿ ನಡೆಯುತ್ತಾನೆ. ಕೊನೆಗೆ ಬದುವಿನ ಮೇಲೆ ನಿಂತು ನೋಡುತ್ತಾನೆ. ಒಂದೆರಡು ಸಾಲು ಸೊಟ್ಟಾದರೂ ಕೂರಿಗೆಯನ್ನು ಕಸಿದುಕೊಳ್ಳುವುದಿಲ್ಲ. ಮನೆಯಲ್ಲಿಯೂ ಹಾಗೆಯೇ. ಚಿಕ್ಕಂದಿನಲ್ಲಿ ಕಟ್ಟಳೆಗಳು ಕೆಲವೇ ಇರಲಿ, ಆದರೆ ಗಟ್ಟಿಯಾಗಿರಲಿ. ಹತ್ತು ದಾಟಿದ ಮಗುವಿನ ಕೈಗೆ ದುಡ್ಡು ಕೊಟ್ಟು ಸಂತೆಗೆ ಕಳಿಸಿರಿ, ಬಂದ ಮೇಲೆ ಲೆಕ್ಕ ಕೇಳಿರಿ. ಹದಿಹರೆಯ ಬಂದಾಗ ಓದು, ಉದ್ಯೋಗದ ವಿಚಾರದಲ್ಲಿ ಅವರ ಅಭಿಪ್ರಾಯ ಕೇಳಿರಿ. ಬೇಡ ಎನ್ನುವಾಗ ಏಕೆ ಬೇಡವೆಂದು ತಿಳಿಸಿ ಹೇಳಿರಿ. ಮಗು ಬೇಡವೆಂದಾಗಲೂ ಏಕೆಂದು ಕೇಳುವ ತಾಳ್ಮೆ ಇರಲಿ.

ಅಪ್ಪನ ಅಂಜಿಕೆಯಿಂದ ಒಳ್ಳೆಯವನಾದ ಮಗ ಅಪ್ಪ ಮನೆಯಲ್ಲಿ ಇರುವವರೆಗೆ ಮಾತ್ರ ಒಳ್ಳೆಯವನು. ತಿಳಿದು ಒಳ್ಳೆಯವನಾದವನು ಎಲ್ಲಿದ್ದರೂ ಒಳ್ಳೆಯವನು. ಸದ್ಭಕ್ತರಾದ ತಂದೆತಾಯಿಗಳು ಈ ತಿಳಿವನ್ನು ಮಕ್ಕಳಲ್ಲಿ ಬಿತ್ತಲಿ ಎಂದು ನಾವು ಹಾರೈಸುತ್ತೇವೆ.