ಟ್ರೇಲರಿನ ಏಳು ತಂತಿಗಳು

ತುಂಗಭದ್ರೆಯ ಕಾಲುವೆಗಳ ನೀರುಂಡು ಬೆಳೆದ ಸಿರುಗುಪ್ಪ ಮತ್ತು ಕುರುಗೋಡು ಸೀಮೆಗಳ ಭತ್ತವು ಕಾರ್ತಿಕ ಮಾರ್ಗಶಿರ ಮಾಸಗಳಲ್ಲಿ ಕಟಾವಾಗಿ, ಗದ್ದೆಯಿಂದ ಅಕ್ಕಿಯ ಗಿರಣಿಗೂ ಬಳ್ಳಾರಿಯ ಮಾರುಕಟ್ಟೆಗೂ ಟ್ರ್ಯಾಕ್ಟರಿನ ಟ್ರೇಲರುಗಳನ್ನೇರಿ ಸಾಗುವ ಕಾಲದಲ್ಲಿ, ಮೂಟೆಗಳನ್ನು ಹೇರಿ ಹೊರಡುವಷ್ಟರಲ್ಲಿಯೇ ಕತ್ತಲು ಕವಿಯುವುದುಂಟು. ಬಳ್ಳಾರಿ ಸಿರುಗುಪ್ಪಗಳ ನಡುವಣ 150ಎ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಿಂದಿನಿಂದ ವೇಗವಾಗಿ ಬರುವ ಲಾರಿಯ ಚಾಲಕನಿಗೆ ಮುಂದೊಂದು ಟ್ರೇಲರು ಇದೆಯೆಂಬುದನ್ನು ಸೂಚಿಸತಕ್ಕವು ಎರಡು ಕೆಂಪು ದೀಪಗಳು. ಆ ದೀಪಗಳಿಗೆ ವಿದ್ಯುತ್ತನ್ನು ಒಯ್ಯುವುದು ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಇರುವ ಏಳು ಪಿನ್ನಿನ ಪ್ಲಗ್ಗು. ವಾಹನದ ಅಂಗಗಳಲ್ಲಿ ಇದರಷ್ಟು ಅಲಕ್ಷ್ಯಕ್ಕೆ ಒಳಗಾದುದು ಬೇರೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಐಎಸ್ಒ 1724 ಎಂಬ ಅಂತರರಾಷ್ಟ್ರೀಯ ಮಾನಕದಂತೆ ಈ 12 ವೋಲ್ಟಿನ ಪ್ಲಗ್ಗಿನಲ್ಲಿ 1ನೆಯ ಪಿನ್ನು ಎಡ ಇಂಡಿಕೇಟರಿಗೆ, 4ನೆಯದು ಬಲ ಇಂಡಿಕೇಟರಿಗೆ, 5 ಮತ್ತು 7 ಬಲ ಎಡಗಳ ಹಿಂದೀಪಗಳಿಗೆ, 6ನೆಯದು ಬ್ರೇಕ್ ದೀಪಗಳಿಗೆ ಮೀಸಲು. 2ನೆಯದು ಮಂಜಿನ ದೀಪದ್ದಾದುದರಿಂದ ನಮ್ಮಲ್ಲಿ ಅದಕ್ಕೆ ಕೆಲಸ ಕಡಮೆ. ಉಳಿದ 3ನೆಯದು, ಬಿಳಿಯ ತಂತಿಯದು, ಅರ್ತ್. ಎಲ್ಲ ದೀಪಗಳ ವಿದ್ಯುತ್ತೂ ಬ್ಯಾಟರಿಗೆ ಹಿಂದಿರುಗುವ ಏಕೈಕ ಮಾರ್ಗ.

ಈ ಬಿಳಿಯ ತಂತಿಯ ಮಹತ್ವವು ಅದು ಕಡಿದಾಗಲೇ ಅರಿವಿಗೆ ಬರುವುದು. ಚಾಲಕನು ಬ್ರೇಕನ್ನು ತುಳಿದೊಡನೆ ಬ್ರೇಕ್ ದೀಪದ ತಂತುವನ್ನು ಹಾಯ್ದು ಬಂದ ವಿದ್ಯುತ್ತು, ಹಿಂದಿರುಗುವ ದಾರಿಯನ್ನು ಕಾಣದೆ, ಹಿಂದೀಪದ ತಂತುವಿನೊಳಗೆ ವಿಲೋಮವಾಗಿ ಹೊಕ್ಕು, ಅದರ ತಂತಿಯ ಮೂಲಕವೇ ಟ್ರ್ಯಾಕ್ಟರನ್ನು ಸೇರಿ, ಅಲ್ಲಿಯ ಹಿಂದೀಪವನ್ನು ದಾಟಿ ನೆಲೆ ಮುಟ್ಟುತ್ತದೆ; ಒಂದರ ಹಿಂದೊಂದಾಗಿ ಇಷ್ಟು ತಂತುಗಳು ಆ 12 ವೋಲ್ಟನ್ನು ಹಂಚಿಕೊಳ್ಳಬೇಕಾದುದರಿಂದ ಉಜ್ಜ್ವಲವಾಗಿರಬೇಕಾದ ದೀಪವು ಮಿಣುಕುತ್ತದೆ, ಉರಿಯಬಾರದುದು ಮಂದವಾಗಿ ಉರಿಯುತ್ತದೆ. ಕೆಲವೊಮ್ಮೆ ಟ್ರೇಲರನ್ನು ಜೋಡಿಸಿದ ಕಬ್ಬಿಣದ ಗೂಟವೇ ಅರ್ತಿನ ಸ್ಥಾನವನ್ನು ವಹಿಸಿ ದೀಪಗಳನ್ನು ಬೆಳಗಿಸುವುದುಂಟಾದರೂ, ತುಕ್ಕು ಮತ್ತು ಗ್ರೀಸುಗಳ ನಡುವಣ ಆ ಸಂಪರ್ಕವು ಪ್ರತಿಯೊಂದು ಕುಲುಕಿಗೂ ಕಳಚಿ ಕೂಡುತ್ತಿರುವುದರಿಂದ ಅದನ್ನು ನಂಬಲಾಗದು.

ತಂತಿ ಕಡಿಯದಿದ್ದರೂ ಕೇಡು ತಪ್ಪಿದ್ದಲ್ಲ. ಎರೆಮಣ್ಣಿನ ಕೆಸರೂ ಮಳೆಯ ತೇವವೂ ಪ್ಲಗ್ಗಿನೊಳಕ್ಕೆ ಸೇರಿದರೆ ಪಿನ್ನುಗಳ ಮೇಲೆ ಹಸಿರು ಬಣ್ಣದ ತಾಮ್ರದ ಲವಣಗಳು ಕಟ್ಟಿಕೊಂಡು ರೋಧವು ಹೆಚ್ಚುತ್ತದೆ. 21 ವಾಟಿನ ಬ್ರೇಕ್ ಬಲ್ಬು ಎಳೆಯುವುದು 1.75 ಆಂಪಿಯರು, ಅದರ ದಾರಿಯಲ್ಲಿ ಒಂದೇ ಒಂದು ಓಮಿನ ರೋಧ ಸೇರಿಕೊಂಡರೂ ಬಲ್ಬಿಗೆ ದಕ್ಕುವುದು ಸುಮಾರು ಹತ್ತೂವರೆ ವೋಲ್ಟು. ತಂತುದೀಪದ ಪ್ರಕಾಶವು ವೋಲ್ಟೇಜಿಗಿಂತ ಬಹು ಶೀಘ್ರವಾಗಿ ಕುಗ್ಗತಕ್ಕದ್ದಾದುದರಿಂದ, ಬೆಳಕು ಐದರಲ್ಲಿ ಮೂರು ಪಾಲಿಗೆ ಇಳಿಯುತ್ತದೆ.

ಆದುದರಿಂದ ಹೊಸ ಪ್ಲಗ್ಗನ್ನು ಹಾಕುವವನು ಹಳೆಯ ತಂತಿಯನ್ನು ಕಪ್ಪಾದ ಭಾಗ ಮುಗಿದು ಕೆಂದಾಮ್ರ ಹೊಳೆಯುವವರೆಗೆ ಕತ್ತರಿಸಬೇಕು. ಹಿಂದೆ ಯಾರೋ ಕೈಗೆ ಸಿಕ್ಕಿದ ಬಣ್ಣದ ತಂತಿಯನ್ನು ಕೂಡಿಸಿರಬಹುದಾದ ಕಾರಣ ಬಣ್ಣವನ್ನು ನೆಚ್ಚದೆ, ಟೆಸ್ಟ್ ಲ್ಯಾಂಪಿನಿಂದ ಒಂದೊಂದನ್ನೂ ಪರೀಕ್ಷಿಸಿ, ಪಿನ್ನಿನ ಪಕ್ಕದಲ್ಲಿ ಅಚ್ಚಾದ ಅಂಕಿಯನ್ನೇ ಅನುಸರಿಸುವುದು ಕ್ಷೇಮ. ಪ್ಲಗ್ಗು ಸಾಕೆಟ್ಟುಗಳು ಪರಸ್ಪರ ಪ್ರತಿಬಿಂಬಗಳಾಗಿರುವುದರಿಂದ ಕಣ್ಣಂದಾಜಿನಲ್ಲಿ ಎಡಬಲಗಳು ಅದಲುಬದಲಾಗುವುದು ಸುಲಭ. ಕೇಬಲಿನ ಹೊರಗವಸು ಕ್ಲಾಂಪಿನೊಳಗೆ ಬಿಗಿಯಾಗಿ ಕೂಡಬೇಕು, ಇಲ್ಲದಿದ್ದರೆ ತಿರುವಿನ ಎಳೆತವೆಲ್ಲ ಸ್ಕ್ರೂಗಳ ಮೇಲೆ ಬೀಳುವುದು. ಅರ್ತಿನ ತಂತಿಯನ್ನು ಟ್ರೇಲರಿನ ಚೌಕಟ್ಟಿಗೆ ಜೋಡಿಸುವೆಡೆಯಲ್ಲಿ ಬಣ್ಣವನ್ನು ಕೆರೆದು ಬರಿಯ ಲೋಹವನ್ನು ಕಾಣಿಸುವುದನ್ನು ಮರೆಯಲಾಗದು.

ಇಷ್ಟಾದರೂ ಬಲ್ಬು ಸುಡುವುದು ತಪ್ಪದಾದುದರಿಂದ ಟ್ರೇಲರಿನ ಹಿಂಬದಿಗೆ ಕೆಂಪು ಪ್ರತಿಫಲಕ ಪಟ್ಟಿಯನ್ನೂ ಅಂಟಿಸತಕ್ಕದ್ದು. ರೈತಬಾಂಧವರು ಗದ್ದೆಯಿಂದ ಹೆದ್ದಾರಿಗೆ ಏರುವ ಮುನ್ನ ಒಬ್ಬರನ್ನು ಟ್ರೇಲರಿನ ಹಿಂದೆ ನಿಲ್ಲಿಸಿ, ಬ್ರೇಕನ್ನೂ ಎರಡು ಇಂಡಿಕೇಟರುಗಳನ್ನೂ ಹಿಂದೀಪಗಳನ್ನೂ ಒಮ್ಮೆ ನೋಡಿಸಿಕೊಂಡೇ ಹೊರಡಬೇಕೆಂದು ಪ್ರಾರ್ಥಿಸುತ್ತೇನೆ.