ಮರೆಮಾಡಿದ ಚರಿತ್ರೆ

ಅಮೆರಿಕದ ಪಶ್ಚಿಮ ವರ್ಜೀನಿಯಾದ ಕಲ್ಲಿದ್ದಲ ಗಣಿಗಳಲ್ಲಿ ಹಗಲೆಲ್ಲ ದುಡಿದು ದಣಿದ ಕರಿಯ ಕೂಲಿಕಾರರು ಸಂಜೆಗೆ ಆಲಿವರ್ ಜೋನ್ಸ್ ಎಂಬಾತನ ಮನೆಯಲ್ಲಿ ನೆರೆಯುತ್ತಿದ್ದರು. ಜೋನ್ಸನು ಅಂತರ್ಯುದ್ಧದಲ್ಲಿ ಕಾದಿ ಬಂದವನು. ತಾನು ಓದುಬರಹವನ್ನರಿಯದಿದ್ದರೂ ತನ್ನ ಜನರನ್ನು ಕುರಿತ ಪುಸ್ತಕಗಳನ್ನು ಕೂಡಿಸಿಟ್ಟಿದ್ದನು. ಅವನ್ನೂ ವೃತ್ತಪತ್ರಿಕೆಗಳನ್ನೂ ಗಟ್ಟಿಯಾಗಿ ಓದಿ ಹೇಳಲು ಅವರಿಗೊಬ್ಬ ತರುಣನು ದೊರೆತನು. ಅವನೂ ಗಣಿಯ ಕೂಲಿಯೇ. ಹೆಸರು ಕಾರ್ಟರ್ ವುಡ್ಸನ್.

1875ರಲ್ಲಿ ಹುಟ್ಟಿದ ಈತನ ತಾಯಿತಂದೆಗಳಿಬ್ಬರೂ ಹಿಂದೆ ದಾಸ್ಯದಲ್ಲಿ ಬೆಂದವರು. ಬಡತನದ ದೆಸೆಯಿಂದ ಪ್ರೌಢಶಾಲೆಯ ಮೆಟ್ಟಲನ್ನೇರುವಾಗ ಈತನಿಗೆ ಇಪ್ಪತ್ತು ವರ್ಷ. ಅಲ್ಲಿಂದ 1912ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿಯವರೆಗೆ ನಡೆದ ದಾರಿ ಎಂಥದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಆಗಿನ ಪಠ್ಯಪುಸ್ತಕಗಳು ಬೋಧಿಸುತ್ತಿದ್ದುದೇನು? ಆಫ್ರಿಕಕ್ಕೆ ಚರಿತ್ರೆಯೇ ಇಲ್ಲ. ಗುಲಾಮರು ಒಡೆಯರ ಆಶ್ರಯದಲ್ಲಿ ಸುಖವಾಗಿದ್ದರು! ಸುಮಾರು 1 ಕೋಟಿ 25 ಲಕ್ಷ ಜನರನ್ನು ಅಟ್ಲಾಂಟಿಕ್ ಸಾಗರದಾಚೆಗೆ ಸಾಗಿಸಲು ಹಡಗುಗಳಲ್ಲಿ ತುಂಬಿದರೆಂಬುದನ್ನೂ, ಅವರಲ್ಲಿ ಹತ್ತು ಲಕ್ಷಕ್ಕೂ ಮಿಕ್ಕವರು ನಡುಗಡಲಿನಲ್ಲಿಯೇ ಸತ್ತರೆಂಬುದನ್ನೂ, ಎಳೆಯ ಮಕ್ಕಳನ್ನು ತಾಯಿಯ ಮಡಿಲಿನಿಂದ ಕಿತ್ತು ಮಾರಿದರೆಂಬುದನ್ನೂ ಮಕ್ಕಳಿಂದ ಮರೆಮಾಡಲಾಗಿತ್ತು. ಇಂಥ ಪಾಠವನ್ನೋದಿ ಬೆಳೆದ ಬಿಳಿಯ ಬಾಲಕನು ಕರಿಯರನ್ನು ಹೀನರೆಂದು ಬಗೆದರೆ ಸೋಜಿಗವೇನು? ಕರಿಯ ಬಾಲಕನು ತನ್ನನ್ನು ತಾನೇ ಹಾಗೆ ಬಗೆದುಕೊಂಡುದು ಇನ್ನೂ ದಾರುಣ. 1933ರಲ್ಲಿ ವುಡ್ಸನ್ನರು ಬರೆದ ಗ್ರಂಥದ ಮುಖ್ಯವಾದ ಕೊರಗು ಇದೇ.

1915ರಲ್ಲಿ ಅವರು ಚರಿತ್ರೆಯ ಸಂಶೋಧನೆಗಾಗಿ ಒಂದು ಸಂಘವನ್ನೂ ಮರುವರ್ಷ ಒಂದು ಪತ್ರಿಕೆಯನ್ನೂ ಸ್ಥಾಪಿಸಿದರು. ಆದರೆ ಪಂಡಿತರ ಪತ್ರಿಕೆಯನ್ನು ಮಕ್ಕಳು ಓದುವರೇ? ಆದುದರಿಂದ 1926ರಲ್ಲಿ ಫೆಬ್ರವರಿ ತಿಂಗಳ ಒಂದು ವಾರವನ್ನು ಕರಿಯರ ಚರಿತ್ರೆಗೆಂದೇ ಮೀಸಲಿಟ್ಟರು. ಲಿಂಕನ್ನರ ಜನ್ಮದಿನವೂ, ದಾಸ್ಯದಿಂದ ತಪ್ಪಿಸಿಕೊಂಡು ಬಂದು ಅದರ ವಿರುದ್ಧ ಗರ್ಜಿಸಿದ ಫ್ರೆಡರಿಕ್ ಡಗ್ಲಾಸರು ಜನ್ಮದಿನವೆಂದು ಆರಿಸಿಕೊಂಡ ದಿನವೂ ಆ ವಾರದಲ್ಲಿಯೇ ಬರುತ್ತಿದ್ದವು. ಚಿತ್ರಪಟಗಳೂ ಪಾಠಗಳೂ ಶಾಲೆಶಾಲೆಗೆ ಹೋದವು. ಸಂಘದ ಅಧ್ಯಕ್ಷೆಯಾದ ಮೇರಿ ಮೆಕ್‌ಲಿಯೋಡ್ ಬೆಥೂನ್ ಎಂಬ ಶಿಕ್ಷಕಿಯ ಒತ್ತಾಯದಿಂದ 1937ರಲ್ಲಿ ಉಪಾಧ್ಯಾಯರಿಗೂ ಮಕ್ಕಳಿಗೂ ತಿಳಿಯುವಂಥ ಇನ್ನೊಂದು ಪತ್ರಿಕೆ ಹೊರಟಿತು. ವುಡ್ಸನ್ನರು ಮದುವೆಯಾಗಲಿಲ್ಲ, ವಾಷಿಂಗ್ಟನ್ನಿನಲ್ಲಿ ಮನೆಯ ಕೆಳಗೆ ಕಚೇರಿ, ಮೇಲೆ ವಾಸ. 1950ರಲ್ಲಿ ಅಲ್ಲಿಯೇ ತೀರಿಕೊಂಡರು. 1976ರಿಂದ ಆ ವಾರವು ತಿಂಗಳಾಗಿದೆ.

ದೂರದ ದೇಶದ ಮಾತೆಂದು ಪುಟವನ್ನು ತಿರುವಿಹಾಕುವ ಮೊದಲು ವಾಚಕರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ಒಮ್ಮೆ ನೆನೆಯಬೇಕು. ಇವರಲ್ಲಿ ಅನೇಕರ ಪೂರ್ವಿಕರನ್ನು ಪೋರ್ತುಗೀಜರು ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡುಗಳನ್ನು ಸೇರಿದರು. 2003ರಲ್ಲಿ ಇವರು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಒಮ್ಮೆ ಯಲ್ಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ನಮ್ಮ ಮುಂದಿನ ಸಾಲಿನಲ್ಲಿದ್ದ ಮಗುವೊಂದು ಸಿದ್ದಿ ಹೆಣ್ಣುಮಗಳೊಬ್ಬಳನ್ನು ದಿಟ್ಟಿಸಿ, "ಅಮ್ಮಾ, ಇವರು ಯಾವ ದೇಶದವರು?" ಎಂದು ಕೇಳಿತು. ತಾಯಿ, "ಸುಮ್ಮನಿರು" ಎಂದು ಗದರಿದಳು. ಆಕೆಯನ್ನು ನಾವು ದೂರಲಾರೆವು. ನಾವು ಓದಿದ ಪಠ್ಯಪುಸ್ತಕದಲ್ಲಿಯೂ ಅದಕ್ಕೆ ಉತ್ತರವಿರಲಿಲ್ಲ. ಸಿದ್ದಿ ಹೆಣ್ಣುಮಗಳೇ ಮುಗುಳ್ನಕ್ಕು, ಅಚ್ಚಗನ್ನಡದಲ್ಲಿ, "ಇದೇ ಊರಿನವಳು ಮಗಾ" ಎಂದಳು.